ಕರೆಂಟ್ ಕೊಡುವವನಿಗೆ ಹೆಣ್ಣು

ಮೂವತ್ತು ತುಂಬುವ ಹೊತ್ತಿಗೆ ನಾನು ತುಮಕೂರು ಜಿಲ್ಲೆಯ ಅರ್ಧ ಜನಕ್ಕೆ ಕರೆಂಟ್ ಕೊಟ್ಟಿದ್ದೆ. ಕಂಬ ಹತ್ತಿ ಅಲ್ಲ, ತುಮಕೂರಿನ ಒಂದು ನರ್ಸಿಂಗ್ ಹೋಮಿನಲ್ಲಿ ನರದ ಟೆಸ್ಟ್ ಮಾಡುವ ಟೆಕ್ನಿಷಿಯನ್ ಆಗಿ. ಕೈಕಾಲು ಜೋಮು ಹಿಡಿದವರು ಬರುತ್ತಾರೆ. ಚರ್ಮಕ್ಕೆ ತಂತಿ ಅಂಟಿಸಿ ಸಣ್ಣದೊಂದು ಶಾಕ್ ಕೊಟ್ಟರೆ, ಅದು ನರದಲ್ಲಿ ಎಷ್ಟು ಬೇಗ ಓಡುತ್ತದೆ, ಎಲ್ಲಿ ತಡೆಯುತ್ತದೆ ಎಂದು ಮಿಷನ್ನು ಗೆರೆ ಎಳೆದು ತೋರಿಸುತ್ತದೆ. ತೊಂಬತ್ತರ ದಶಕದ ಕೊನೆಯಲ್ಲಿ ಈ ಮಿಷನ್ನು ನಮ್ಮ ಕಡೆಗೆ ಹೊಸದು. ಹಾಗಾಗಿ ವಾರಕ್ಕೊಂದಾದರೂ ತಮಾಷೆ ನಡೆಯದೆ ಇರುತ್ತಿರಲಿಲ್ಲ.

ತಮಾಷೆಯಲ್ಲದ್ದು ಒಂದೇ. ನನಗೆ ಹೆಣ್ಣು ಸಿಗುತ್ತಿರಲಿಲ್ಲ. "ಹುಡುಗ ಏನ್ ಮಾಡ್ತಾನೆ?" ಅಂದರೆ ನಮ್ಮ ಬ್ರೋಕರ್ ಮಹಾಶಯರು ನೇರವಾಗಿ, "ಜನಕ್ಕೆ ಶಾಕ್ ಕೊಡ್ತಾನೆ" ಅನ್ನುತ್ತಿದ್ದರು. ಮೂರು ಸಲ ಜಾತಕ ವಾಪಸ್ ಬಂತು. ಮೂರನೇ ಸಲ ನಾನು ರಾತ್ರಿ ಊಟ ಬಿಟ್ಟೆ.

೧. ಲೈನ್ ಆಫ್

ಗುಬ್ಬಿಯ ಒಂದು ಶಾಲೆಯಲ್ಲಿ ಕ್ಯಾಂಪ್ ಇತ್ತು. ಬೆರಳು ಜೋಮು ಎಂದು ಒಬ್ಬ ಲೈನ್‌ಮನ್ ಬಂದ. ಆಳು ಬಾಗಿಲು ತುಂಬುವಷ್ಟು ದೊಡ್ಡವನು. ಮಿಷನ್ನಿನ ವೈರು ನೋಡಿದ್ದೇ ಕೈ ಹಿಂದಕ್ಕೆ ಕಟ್ಟಿಕೊಂಡ.

"ಹೆದರ್ಕೋಬೇಡಿ, ಸಣ್ಣ ಕರೆಂಟು" ಅಂದೆ.

"ಸಣ್ಣದೋ ದೊಡ್ಡದೋ, ಹದಿನೆಂಟು ವರ್ಷದಿಂದ ಕಂಬ ಹತ್ತಿದೀನಿ ಸಾರ್. ಲೈನ್ ಆಫ್ ಆಗ್ದೆ ಒಂದಿನ ತಂತಿ ಮುಟ್ಟಿಲ್ಲ. ಮೊದ್ಲು ಆಫ್ ಮಾಡಿ, ಆಮೇಲೆ ಎಷ್ಟು ಬೇಕಾದ್ರೂ ಕರೆಂಟ್ ಕೊಡಿ."

ನಾನು ಹೇಗೆ ಬಿಡಿಸಿ ಹೇಳಿದರೂ ಕೇಳಲಿಲ್ಲ. ಅಷ್ಟರಲ್ಲಿ ಗುಬ್ಬಿಯ ಪದ್ಧತಿಯಂತೆ ಕರೆಂಟ್ ಹೋಯಿತು. ಫ್ಯಾನು ನಿಂತಿತು, ಮಿಷನ್ನೂ ಸತ್ತಿತು. ಲೈನ್‌ಮನ್ ನೆಮ್ಮದಿಯಿಂದ ಕುರ್ಚಿಯಲ್ಲಿ ಕೂತು, ಅಂಗಿಯ ತೋಳು ಮಡಚಿ, ಕೈ ಮುಂದೆ ಚಾಚಿದ.

"ಹ್ಞೂಂ, ಈಗ ಮಾಡಿ."

೨. ಹೆಬ್ಬೆಟ್ಟು

ಗೂಳೂರಿನ ಅಜ್ಜಿಯೊಬ್ಬರನ್ನು ಇಬ್ಬರು ಗಂಡುಮಕ್ಕಳು ಕರೆತಂದಿದ್ದರು. ಮಣಿಕಟ್ಟಿನ ನಡುವೆ ಒಂದು ನರವಿದೆ. ಅಲ್ಲಿ ಶಾಕ್ ಕೊಟ್ಟರೆ ನಾವು ಬೇಡವೆಂದರೂ ಹೆಬ್ಬೆರಳು ತಾನಾಗೇ ಎದ್ದು ಕುಣಿಯುತ್ತದೆ. ಕೊಟ್ಟೆ, ಕುಣಿಯಿತು. ಅಜ್ಜಿ ಅದನ್ನು ಸರಕ್ಕನೆ ಮುಷ್ಟಿಯೊಳಗೆ ಬಚ್ಚಿಟ್ಟುಕೊಂಡರು.

"ಪತ್ರ ಎಲ್ಲೈತೆ?"

"ಯಾವ ಪತ್ರ ಅಜ್ಜಿ?"

"ನಂಗೊತ್ತು ಬುಡು. ಇಬ್ರೂ ಹೊಲದ ಮ್ಯಾಲೆ ಕಣ್ಣಾಕವ್ರೆ. ನಾನು ಹೆಬ್ಬೆಟ್ಟು ಒತ್ತಾಕಿಲ್ಲ ಅಂದಿದ್ಕೆ, ಕರೆಂಟ್ ಕೊಟ್ಟು ಒತ್ತಿಸ್ಕೊಳೋ ಮಿಷನ್ ತಾವ ಕರ್ಕೊಂಡು ಬಂದವ್ರೆ."

ದೊಡ್ಡಮಗ ದೇವರ ಮೇಲೆ ಆಣೆ ಇಟ್ಟ. ಅಜ್ಜಿ ಮೇಜಿನ ಕೆಳಗೆ ಬಗ್ಗಿ, ಇಂಕ್ ಪ್ಯಾಡ್ ಇಲ್ಲವೆಂದು ಖಾತ್ರಿ ಮಾಡಿಕೊಂಡ ಮೇಲೆ ಕೈ ಕೊಟ್ಟರು. ಎಲ್ಲ ಮುಗಿದು ಅವರು ಹೊರಟ ಮೇಲೆ ಚಿಕ್ಕಮಗ ಮಾತ್ರ ಒಬ್ಬನೇ ವಾಪಸ್ ಬಂದ. ಬಾಗಿಲು ಮುಂದೆ ಮಾಡಿ ಮೆಲ್ಲಗೆ ಕೇಳಿದ: "ಸಾರ್, ಈ ಮಿಷನ್ನು ಬಾಡಿಗೆಗೆ ಸಿಗುತ್ತಾ?"

೩. ಫೈಲ್ ಎಲ್ಲಿದೆ

ಜನ ಹೆದರದ ಹಾಗೆ ನರಮಂಡಲವನ್ನು ವಿವರಿಸು ಎಂದು ನಮ್ಮ ಡಾಕ್ಟರು ಹೇಳಿದ್ದರು. ಹುತ್ರಿದುರ್ಗದ ಒಬ್ಬ ರೈತರಿಗೆ ಕಿರುಬೆರಳು ಜೋಮು. ಅವರನ್ನು ಕೂರಿಸಿಕೊಂಡು ಪಾಠ ಶುರು ಮಾಡಿದೆ.

"ನೋಡಿ ಯಜಮಾನ್ರೇ, ಮೆದುಳು ಮತ್ತೆ ಬೆನ್ನುಹುರಿ, ಇವೆರಡೂ ಸೇರಿ ಹೆಡ್ ಆಫೀಸು. ಆರ್ಡರ್ ಎಲ್ಲ ಅಲ್ಲಿಂದ. ಕೈಕಾಲಿಗೆ ಹೋಗೋ ನರಗಳು ಊರೂರಿಗೆ ಕಾಗದ ಮುಟ್ಟಿಸೋರು. ಇನ್ನು ಎದೆ ಬಡಿತ, ಜೀರ್ಣ ನೋಡ್ಕೊಳ್ಳೋ ನರಗಳು ಬೇರೆ. ನೀವು ಹೇಳ್ಲಿ ಬಿಡ್ಲಿ, ಹಗಲೂ ರಾತ್ರಿ ತಮ್ಮ ಪಾಡಿಗೆ ಕೆಲಸ ಮಾಡ್ತಾನೇ ಇರ್ತವೆ."

"ಅಂಥ ಆಫೀಸರ್ನ ನಾನು ಕಂಡಿಲ್ಲ, ಬುಡಿ" ಅಂದರು. "ನನ್ ಫೈಲು ಎಲ್ಲಿ ನಿಂತೈತೆ, ಅದ್ ಹೇಳಿ."

ಟೆಸ್ಟ್ ಮಾಡಿ, "ಮೊಣಕೈ ಹತ್ರ ಸಿಕ್ಕಾಕ್ಕೊಂಡಿದೆ" ಅಂದೆ.

ಅವರು ಗಂಭೀರವಾಗಿ ತಲೆದೂಗಿ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು.

"ಮೊಣಕೈಯಾಗೆ ನಮ್ಮೋರು ಯಾರಾದ್ರೂ ಅವ್ರಾ ಸಾ?"

೪. ಯಾವ ಕಾಲು?

ನನ್ನ ಜಾತಕ ನಾಲ್ಕನೇ ಸಲ ಹೊರಟದ್ದು ಕುಣಿಗಲ್ಲಿಗೆ. ಹೋಗಿ ಒಂದು ವಾರವಾಗಿರಬೇಕು, ಬಿಳಿ ಪಂಚೆಯ ಹಿರಿಯರೊಬ್ಬರು ಟೆಸ್ಟಿಗೆ ಬಂದರು. ಊರು ಕುಣಿಗಲ್ ಅಂದರು. ಡಾಕ್ಟರ ಚೀಟಿ ಇರಲಿಲ್ಲ.

"ಯಾವ ಕಾಲು ಜೋಮು?"

"ಯಾವ್ದಾದ್ರೂ ಸರಿ."

ಬಲಗಾಲಿಗೆ ತಂತಿ ಅಂಟಿಸಿದೆ. ಅವರ ಗಮನ ಕಾಲಿನ ಮೇಲೆ ಇರಲೇ ಇಲ್ಲ. ಸ್ವಂತ ಮನೆನಾ ಅಂದರು. ತಂದೆಗೆ ಶುಗರ್ ಇದೆಯಾ ಅಂದರು. ಸಾಯಂಕಾಲ ಕಾಫಿ ಕುಡೀತೀರಾ, ಬೇರೆ ಏನಾದ್ರೂನಾ ಅಂದರು. ಕೊನೆಗೆ ನನ್ನ ಮುಖವನ್ನೇ ದಿಟ್ಟಿಸಿ, "ಫೋಟೋದಲ್ಲಿ ಇದ್ದಷ್ಟು ಬೆಳ್ಳಗಿಲ್ಲ ನೀವು" ಅಂದರು.

ಆಗ ನನಗೆ ಅರ್ಥವಾಯಿತು, ಬೆವರೂ ಬಂತು. ನನ್ನ ಕೈಯಲ್ಲಿ ಸ್ವಿಚ್ಚು, ಅವರ ಕೈಯಲ್ಲಿ ಮಗಳು. ಶಾಕ್ ಕೊಟ್ಟರೆ ಈ ಸಂಬಂಧವೂ ಹೋಯಿತು ಎಂದು ಕರೆಂಟನ್ನು ಸೊನ್ನೆಗೆ ತಿರುಗಿಸಿ, ಸುಮ್ಮನೆ ಗುಂಡಿ ಒತ್ತುತ್ತಾ ಕೂತೆ.

"ನೋವಾಗ್ತಿದ್ಯಾ?"

"ಏನೂ ಗೊತ್ತೇ ಆಗ್ತಿಲ್ಲ."

ತಂತಿಯನ್ನು ಎಡಗಾಲಿಗೂ ಬದಲಿಸಿ ಒತ್ತಿದೆ. ಅರ್ಧ ಗಂಟೆ ಹೀಗೇ ಕಳೆಯಿತು. ಅಷ್ಟರಲ್ಲಿ ಡಾಕ್ಟರು ಒಳಗೆ ಬಂದು ಮಿಷನ್ನಿನ ಕಾಗದ ನೋಡಿದರು. ಎರಡೂ ಕಾಲಿನದು ಚಪ್ಪಟೆ ಗೆರೆ. ಅವರ ಮುಖ ಬಿಳಿಚಿಕೊಂಡಿತು. "ಇವ್ರನ್ನ ಎತ್ಕೊಂಡು ಬಂದೋರು ಯಾರು?"

"ನಾನೇ ಬಸ್ಸಿನಲ್ಲಿ ನಿಂತ್ಕೊಂಡು ಬಂದೆ" ಅಂದರು ಹಿರಿಯರು.

ಡಾಕ್ಟರು ನನ್ನನ್ನು ಪಕ್ಕಕ್ಕೆ ತಳ್ಳಿ, ಕರೆಂಟ್ ಏರಿಸಿ, ಮೊಣಕಾಲಿನ ಪಕ್ಕಕ್ಕೆ ತಾವೇ ಒತ್ತಿದರು. ಪಾದ ಚಂಗನೆ ಎದ್ದು, ತಂತಿ ಸರಿಮಾಡಲು ಬಗ್ಗಿದ್ದ ನನ್ನ ಗಲ್ಲಕ್ಕೆ ಬಡಿಯಿತು.

"ಅಯ್ಯೋ, ನಾನು ಪೇಷಂಟ್ ಅಲ್ಲ ಸಾರ್, ಹುಡುಗನ್ನ ನೋಡಕ್ ಬಂದಿರೋ ಹೆಣ್ಣಿನಪ್ಪ."

"ಆಗ್ಲಿ, ಇನ್ನೊಂದು ಕಾಲು ಕೊಡಿ" ಅಂದರು ಡಾಕ್ಟರು.

ಹಿರಿಯರು ತಿರುಗಿ ನೋಡದೆ ಹೋದರು. ನಾಲ್ಕನೆಯದೂ ಹೋಯಿತು ಎಂದು ನಾನು ಆಸೆ ಬಿಟ್ಟೆ. ಮೂರು ದಿನ ಬಿಟ್ಟು ಬ್ರೋಕರ್ ಮನೆಗೆ ಬಂದರು.

"ಹುಡುಗನಿಗೆ ಕೆಲಸ ಬರಲ್ಲ ಅಂದ್ರಪ್ಪ. ಅರ್ಧ ಗಂಟೆ ಗುಂಡಿ ಒತ್ತಿದ್ನಂತೆ, ಏನೂ ಆಗ್ಲಿಲ್ವಂತೆ. ಪಾಪ, ಡಾಕ್ಟ್ರೇ ಬಂದು ಮಾಡ್ಬೇಕಾಯ್ತಂತೆ."

ನಮ್ಮಮ್ಮ ಸೆರಗಿನಿಂದ ಕಣ್ಣು ಒರೆಸಿಕೊಂಡರು.

"ಅಳ್ಬೇಡಿ, ಪೂರ್ತಿ ಕೇಳಿ. ಕರೆಂಟ್ ಕೈಲಿ ಹಿಡ್ಕೊಂಡೂ ಒಬ್ರಿಗೆ ನೋವು ಮಾಡಕ್ಕಾಗಲ್ಲ ಅಂದ್ರೆ, ಇಂಥೋನಿಗೆ ಕಣ್ಮುಚ್ಕೊಂಡು ಮಗಳನ್ನ ಕೊಡ್ಬೋದು ಅಂದ್ರು. ಒಂದೇ ಷರತ್ತು, ಮದ್ವೆಗೆ ಆ ಡಾಕ್ಟ್ರನ್ನ ಕರೀಬಾರ್ದಂತೆ."