ಉಗ್ರಾಣಿಗಳ ಹಾರ್ಡ್ ಡಿಸ್ಕು

ಉಗ್ರಾಣಿಗಳಿಗೆ ಈ ಪ್ರಪಂಚದಲ್ಲಿ ಹೆದರಿಕೆ ಎಂಬುದೇನಾದರೂ ಇದ್ದರೆ ಅದು ಬೆಂಕಿಯದು ಮತ್ತು ಹೆಂಡತಿಯದು. ಎರಡೂ ಜೊತೆಗೂಡಿ ಒಂದೇ ಭಾನುವಾರ ಮೇಲೆ ಬೀಳುತ್ತವೆಂದು ಅವರಿಗೆ ಯಾರೂ ಮುಂಚಿತವಾಗಿ ತಿಳಿಸಿರಲಿಲ್ಲ.

ಕಾರ್ಖಾನೆಯ ಉಗ್ರಾಣ ನೋಡಿಕೊಳ್ಳುವುದು ಅವರ ಕೆಲಸ. ಯಾವ ನಟ್ಟು ಯಾವ ಕಪಾಟಿನಲ್ಲಿದೆ ಎಂದು ಕಣ್ಣು ಮುಚ್ಚಿಕೊಂಡು ಹೇಳಬಲ್ಲರು. (ತಮ್ಮ ಕನ್ನಡಕ ಎಲ್ಲಿದೆ ಎಂಬುದು ಬೇರೆ ಪ್ರಶ್ನೆ.) ಅಲ್ಲಿ ಅವರದೊಂದು ಘನ ಸಿದ್ಧಾಂತವಿತ್ತು: ಒಂದೇ ವಸ್ತು ಎರಡು ಕಡೆ ಇದ್ದರೆ ಲೆಕ್ಕ ಕೆಡುತ್ತದೆ. ಆ ಸಿದ್ಧಾಂತವನ್ನು ಮನೆಗೂ ಹೊತ್ತು ತಂದ ಅವರು, ಹೆಂಡತಿಯ ಫೋನು, ಮಗಳ ಫೋನು, ಹಳೆಯ ಕ್ಯಾಮೆರಾ ಎಲ್ಲದರಲ್ಲಿದ್ದ ಫೋಟೋಗಳನ್ನೂ ಬಳಿದು ತಂದು ಒಂದು ಹಾರ್ಡ್ ಡಿಸ್ಕಿಗೆ ತುಂಬಿ, ಮಿಕ್ಕ ಕಡೆಯೆಲ್ಲ ಗುಡಿಸಿ ಸಾರಿಸಿದಂತೆ ಅಳಿಸಿಬಿಟ್ಟಿದ್ದರು. ಮಗಳು ಅಂಬೆಗಾಲಿಟ್ಟದ್ದು, ಹಲ್ಲು ಬಿದ್ದ ಬಾಯಲ್ಲಿ ನಕ್ಕದ್ದು, ಎಲ್ಲವೂ ಆ ಒಂದು ಕಪ್ಪು ಡಬ್ಬಿಯೊಳಗೆ. ಎರಡು ಕಡೆ ಇದ್ದರೆ ಇರಲಿ ಬಿಡಿ ಎಂದು ಹೆಂಡತಿ ಆಗಲೇ ಗೋಗರೆದಿದ್ದಳು. ಉಗ್ರಾಣಶಾಸ್ತ್ರದ ಬಗ್ಗೆ ಅವಳಿಗೊಂದು ಉಪನ್ಯಾಸ ಸಿಕ್ಕಿತ್ತು, ಅಷ್ಟೆ.

ಆ ಭಾನುವಾರ ಬೆಳಿಗ್ಗೆ ಹೆಂಡತಿ ಹೊಲಿಗೆ ಯಂತ್ರದ ಮುಂದೆ ಕೂರುತ್ತಾ, ಮಗಳ ಕಾಲೇಜು ಮುಗಿಯಿತಲ್ಲ, ಚಿಕ್ಕಂದಿನದೊಂದು ಒಳ್ಳೆಯ ಫೋಟೋಗೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಬೇಕು, ಸಂಜೆಯೊಳಗೆ ಹುಡುಕಿಡಿ ಎಂದಳು. ಇದೇನು ಮಹಾ ಎಂದುಕೊಂಡು ಉಗ್ರಾಣಿಗಳು ಡಿಸ್ಕನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸಿದರು. ಅದು ಎಂದಿನಂತೆ ಗುಂಯ್‌ಗುಡಲಿಲ್ಲ. ಟಕ್ ಎಂದಿತು. ಸ್ವಲ್ಪ ತಡೆದು ಮತ್ತೆ ಟಕ್ ಎಂದಿತು.

ಅಷ್ಟೇ ಆಗಿದ್ದರೆ ಹೇಗೋ ಸಹಿಸಿಕೊಳ್ಳುತ್ತಿದ್ದರು. ಲ್ಯಾಪ್‌ಟಾಪೂ ಮೇಜಿನ ಮೇಲೆ ತೊಟ್ಟಿಲಂತೆ ತೂಗುತ್ತಿತ್ತು. ಕೆಲವು ದಿನಗಳಿಂದ ಅದರ ಮುಚ್ಚಳ ಸರಿಯಾಗಿ ಕೂರುತ್ತಿರಲಿಲ್ಲ. ಬಗ್ಗಿದೆಯೇನೋ ಎಂದು ಅವರೇ ಅದರ ಮೇಲೆ ಹೆಂಡತಿಯ ಇಸ್ತ್ರಿಪೆಟ್ಟಿಗೆಯನ್ನು ಹೇರಿಟ್ಟಿದ್ದರು. ಈಗ ಫೋನಿನಲ್ಲಿ ಹುಡುಕಿ ನೋಡಿದರೆ, ಅದು ಬ್ಯಾಟರಿ ಊದಿಕೊಂಡಿರುವ ಲಕ್ಷಣ, ಒತ್ತಬೇಡಿ, ಬೆಂಕಿ ಹೊತ್ತಿಕೊಳ್ಳಬಹುದು ಎಂದಿತ್ತು. ಟಕ್ ಟಕ್ ಸದ್ದಿನ ಬಗ್ಗೆ ಹುಡುಕಿದರೆ, ಡಿಸ್ಕು ಕೊನೆಯುಸಿರೆಳೆಯುವ ಮುನ್ನ ಹೀಗೆ ಬಡಿದುಕೊಳ್ಳುತ್ತದೆ, ಸಿಕ್ಕಷ್ಟನ್ನು ಕೂಡಲೇ ಬೇರೆ ಕಡೆಗೆ ಇಳಿಸಿಕೊಳ್ಳಿ ಎಂದಿತ್ತು. ಇಳಿಸಿಕೊಳ್ಳಲು ಮನೆಯಲ್ಲಿದ್ದದ್ದು ಈ ಒಂದೇ ಲ್ಯಾಪ್‌ಟಾಪು. ಇದನ್ನು ಹಚ್ಚಿದರೆ ಮನೆಗೆ ಬೆಂಕಿ, ಹಚ್ಚದಿದ್ದರೆ ಹೆಂಡತಿ.

ಬೆಂಕಿಯೇ ವಾಸಿ ಎನ್ನಿಸಿತು. ಬಾಗಿಲು ಮುಂದೆ ಮಾಡಿ, ತಲೆಗೆ ಸ್ಕೂಟರಿನ ಹೆಲ್ಮೆಟ್ಟು, ಕೈಗೆ ಕಾರ್ಖಾನೆಯ ಚರ್ಮದ ಗ್ಲೌಸು ಧರಿಸಿ, ಲ್ಯಾಪ್‌ಟಾಪನ್ನು ಆರಿಸಿ ಬೋರಲು ಹಾಕಿ ಸ್ಕ್ರೂ ಬಿಚ್ಚಿದರು. ಒಳಗೆ ಬ್ಯಾಟರಿ ಹೊಟ್ಟೆ ಉಬ್ಬರಿಸಿಕೊಂಡು ಮಲಗಿತ್ತು. ಅದರ ವೈರು ಬಿಡಿಸಿ, ಮರದ ಸೌಟಿನ ಮೇಲೆ ಮೆಲ್ಲಗೆ ಎತ್ತಿಕೊಂಡು, ಉಸಿರು ಬಿಗಿಹಿಡಿದು ಹಿತ್ತಿಲಿಗೆ ನಡೆದು ಮರಳಿನ ಬಕೆಟ್ಟಿನಲ್ಲಿಟ್ಟು ಬಂದರು. ಅದು ಸಿಡಿಯಲಿಲ್ಲ ಎಂದು ಖಾತ್ರಿಯಾಗುವವರೆಗೂ ಬಾಗಿಲ ಸಂದಿಯಿಂದ ಇಣುಕಿ ನೋಡಿದರು.

ಇನ್ನು ಲ್ಯಾಪ್‌ಟಾಪು ಗೋಡೆಯ ಕರೆಂಟಿನ ಮೇಲೆಯೇ ಬದುಕಬೇಕು. ಕರೆಂಟು ಒಮ್ಮೆ ಕಣ್ಣು ಮುಚ್ಚಿದರೂ ಡಿಸ್ಕು ಇನ್ನೊಮ್ಮೆ ಏಳುತ್ತದೆಂಬ ನಂಬಿಕೆಯಿಲ್ಲ. ಯಾವುದನ್ನು ಮೊದಲು ಇಳಿಸುವುದು ಎಂದು ಯೋಚಿಸಲು ಅವರಿಗೆ ಅರೆಕ್ಷಣವೂ ಬೇಕಾಗಲಿಲ್ಲ. ಮೊದಲು ಬಂದ ಮಾಲು ಮೊದಲು ಹೊರಗೆ ಹೋಗಬೇಕು, ಇದು ಉಗ್ರಾಣದ ಕಾನೂನು. ಡಿಸ್ಕಿನೊಳಗಿನ ಫೋಲ್ಡರುಗಳಿಗೂ ಅವರು ಕ್ರಮಸಂಖ್ಯೆ ಹಾಕಿಟ್ಟಿದ್ದರು; ಒಂದರಿಂದಲೇ ಶುರು ಹಚ್ಚಿದರು. ಪರದೆಯ ಮೇಲೆ ಹಸಿರು ಪಟ್ಟಿ ಇರುವೆಯಂತೆ ತೆವಳತೊಡಗಿತು.

ಪಕ್ಕದ ಕೋಣೆಯಲ್ಲಿ ಹೊಲಿಗೆ ಯಂತ್ರ ಗರ್ರೆಂದಿತು. ಫ್ಯೂಸಿನ ನೆನಪಾಗಿ ಉಗ್ರಾಣಿಗಳು ಎದ್ದು ಓಡಿದರು.

"ಸ್ವಲ್ಪ ಹೊತ್ತು ಮಷೀನ್ ನಿಲ್ಲಿಸ್ತೀಯಾ?"

"ಯಾಕೆ?"

"ಫ್ಯೂಸ್ ಹೋಗಿಬಿಟ್ರೆ ಅಂತ."

"ಇಷ್ಟು ವರ್ಷ ಹೋಗದೇ ಇದ್ದಿದ್ದು ಇವತ್ತು ಯಾಕ್ರೀ ಹೋಗುತ್ತೆ? ಅದಿರ್ಲಿ, ಮನೆಯೊಳಗೆ ಯಾಕೆ ಹೆಲ್ಮೆಟ್ ಹಾಕ್ಕೊಂಡಿದೀರಾ?"

ಉಗ್ರಾಣಿಗಳು ಹೆಲ್ಮೆಟ್ಟು ಮುಟ್ಟಿ ನೋಡಿಕೊಂಡರು. ಇನ್ನು ಮುಚ್ಚಿಟ್ಟು ಪ್ರಯೋಜನವಿರಲಿಲ್ಲ. ಡಿಸ್ಕಿನ ವಿಷಯವನ್ನೂ ಬ್ಯಾಟರಿಯ ವಿಷಯವನ್ನೂ ಒಂದೇ ಉಸಿರಿನಲ್ಲಿ ಒದರಿಬಿಟ್ಟು, ಬೈಗುಳಕ್ಕೆ ತಲೆ ಬಗ್ಗಿಸಿ ನಿಂತರು. (ಹೆಲ್ಮೆಟ್ಟನ್ನು ಬೇಕೆಂದೇ ತೆಗೆಯಲಿಲ್ಲ.)

ಬೈಗುಳ ಬರಲಿಲ್ಲ. ಅವಳು ಹೊಲಿಗೆ ಯಂತ್ರ ಆರಿಸಿದಳು. ಫ್ಯಾನು, ಫ್ರಿಜ್ಜು, ದೀಪ ಎಲ್ಲವನ್ನೂ ತಾನೇ ಆರಿಸಿಕೊಂಡು ಬಂದು ಲ್ಯಾಪ್‌ಟಾಪಿನ ಮುಂದೆ ಸುಮ್ಮನೆ ಕುಳಿತಳು. ಮದುವೆಯಾದಂದಿನಿಂದ ಅವಳು ಇಷ್ಟು ಹೊತ್ತು ಮಾತಿಲ್ಲದೆ ಕುಳಿತದ್ದನ್ನು ಉಗ್ರಾಣಿಗಳು ಕಂಡಿರಲಿಲ್ಲ. ಅವರಿಗೆ ನಿಜಕ್ಕೂ ಭಯವಾಯಿತು.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಡಿಸ್ಕು ಒಮ್ಮೆ ಕರಕರ ಎಂದು ಹಲ್ಲು ಕಡಿದು ತಣ್ಣಗಾಯಿತು. ಕರೆಂಟು ಹೋಗಿರಲಿಲ್ಲ. ಪಾಪ, ಅದು ಕೊನೆಯವರೆಗೂ ನಿಯತ್ತಾಗಿಯೇ ಇತ್ತು. ಉಗ್ರಾಣಿಗಳು ವೈರು ಕಿತ್ತು ಚುಚ್ಚಿದರು, ಬೇರೆ ವೈರು ಹಾಕಿದರು, ಡಬ್ಬಿಯನ್ನು ಕಿವಿಗಿಟ್ಟು ಆಲಿಸಿದರು. ಅಂಗಡಿಯವರು ಏನಾದರೂ ಮಾಡಿಯಾರು ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡರು. ಅಷ್ಟರಲ್ಲಿ ಗೆಳತಿಯ ಮನೆಗೆ ಹೋಗಿದ್ದ ಮಗಳೂ ಬಂದಳು.

"ಬಂದಿರೋದನ್ನಾದ್ರೂ ತೆಗೀರಿ," ಎಂದಳು ಹೆಂಡತಿ.

ತೆಗೆದರು. ಮೊದಲಿಗೆ ಫ್ರಿಜ್ಜು ಕಾಣಿಸಿಕೊಂಡಿತು. ಬಾಗಿಲು ಮುಚ್ಚಿದ ಫ್ರಿಜ್ಜು, ಬಾಗಿಲು ತೆರೆದ ಫ್ರಿಜ್ಜು, ಹಿಂದಿನಿಂದ ಫ್ರಿಜ್ಜು. ಮಗಳಿಗಿಂತ ಮೊದಲು ಮನೆಗೆ ಬಂದದ್ದು ಫ್ರಿಜ್ಜೇ ಆದ್ದರಿಂದ ಕ್ರಮಸಂಖ್ಯೆ ಒಂದು ಗೃಹೋಪಯೋಗಿ ವಸ್ತುಗಳದಾಗಿತ್ತು. ಮನೆಗೆ ಏನೇ ಕೊಂಡರೂ ಗ್ಯಾರಂಟಿಗೆ ಸಾಕ್ಷಿ ಇರಲೆಂದು ಅವರು ಅದರ ಫೋಟೋ ತೆಗೆದು, ಅದು ಓಡುತ್ತಿರುವುದರ ವಿಡಿಯೋವನ್ನೂ ಮಾಡಿಡುತ್ತಿದ್ದರು. ಮಗಳದು ಕ್ರಮಸಂಖ್ಯೆ ಎರಡು. ಅದು ಡಬ್ಬಿಯಲ್ಲೇ ಉಳಿದಿತ್ತು.

ಅಷ್ಟರಲ್ಲಿ ಮಗಳು ಪರದೆಗೆ ಬಾಗಿ, "ಅಮ್ಮಾ, ಇದು ನನ್ನ ಕೈ," ಎಂದಳು. ಹೌದು, ಮಿಕ್ಸಿಯ ಪಕ್ಕ ಒಂದು ಪುಟ್ಟ ಕೈ ಇತ್ತು. ಕುಕ್ಕರಿನ ಹಿಂದೆ ಅರ್ಧ ತಲೆ, ಟೇಬಲ್ ಫ್ಯಾನಿನ ಸರಳುಗಳಾಚೆ ಹಾರುವ ಕೂದಲು. ತಾಯಿ ಮಗಳು ತಲೆಗೆ ತಲೆ ತಾಗಿಸಿಕೊಂಡು ನಗತೊಡಗಿದರು. ಉಗ್ರಾಣಿಗಳಿಗೆ ಹೋದ ಜೀವ ಬಂದಂತಾಯಿತು. ಹೆಲ್ಮೆಟ್ಟು ತೆಗೆದು, ಎಲ್ಲದಕ್ಕೂ ಒಂದು ಕ್ರಮ ಇದ್ದರೆ ಹೀಗೆ ಕಷ್ಟಕಾಲಕ್ಕಾಗುತ್ತದೆ ಎಂದು ಬೀಗುತ್ತಾ ತಾವೇ ಮುಂದಿನದನ್ನು ಒತ್ತಿದರು.

ಅದು ಬಟ್ಟೆ ಒಗೆಯುವ ಯಂತ್ರದ ವಿಡಿಯೋ. ಯಂತ್ರ ತಿರುಗುತ್ತಿತ್ತು, ಅದರ ಮುಂದೆ ಮೂರು ವರ್ಷದ ಮಗಳು ಲಂಗ ಹಿಡಿದುಕೊಂಡು ತಾನೂ ಗಿರಗಿರ ತಿರುಗುತ್ತಿದ್ದಳು. ನೋಡಪ್ಪಾ, ನೋಡಪ್ಪಾ ಎನ್ನುತ್ತಿದ್ದಳು. ಇಡೀ ಮುಖ, ಪೂರ್ತಿ ನಗು. ಗೋಡೆಗೆ ಹಾಕಲು ಇದಕ್ಕಿಂತ ಒಳ್ಳೆಯದು ಬೇಕಿರಲಿಲ್ಲ. ಹೆಂಡತಿ ಮುಂದಕ್ಕೆ ಬಾಗಿದಳು. ಆಗ ಕ್ಯಾಮೆರಾದ ಹಿಂದಿನಿಂದ ಉಗ್ರಾಣಿಗಳ ಪ್ರಾಯದ ಕಾಲದ ದನಿ ಗುಡುಗಿತು: "ಏಯ್, ಅಡ್ಡ ಬರಬೇಡ. ಪಕ್ಕಕ್ಕೆ ಹೋಗು."

ಮಗು ತಿರುಗುವುದನ್ನು ನಿಲ್ಲಿಸಿತು. ಲಂಗ ಬಿಟ್ಟು, ತಲೆ ತಗ್ಗಿಸಿಕೊಂಡು ಪಕ್ಕಕ್ಕೆ ಹೋಯಿತು. ಆಮೇಲೆ ವಿಡಿಯೋ ಮುಗಿಯುವವರೆಗೂ ಯಂತ್ರವೊಂದೇ ತಿರುಗುತ್ತಿತ್ತು. ನಿಲ್ಲಿಸಲು ಉಗ್ರಾಣಿಗಳು ಕೈ ಮುಂದೆ ಮಾಡಿದರು. ಹೆಂಡತಿ ಆ ಕೈಯನ್ನು ಹಿಡಿದುಕೊಂಡಳು.

"ಇರ್ಲಿ ಬಿಡಿ," ಎಂದಳು. "ಮಷೀನು ಎಷ್ಟು ಚೆನ್ನಾಗಿ ಕಾಣ್ತಿದೆ, ನೋಡಿ."