ಹೆಡರ್ ಫೈಲಿಗೆ ಕುರಿಯ ಗುರುತು

ಅಡುಗೆಮನೆ ಇಲ್ಲದ ಜಾಗದಲ್ಲಿ ಜಗಳವೂ ಇರುವುದಿಲ್ಲ ಎಂದು ನಾನು ಬಹಳ ಕಾಲ ನಂಬಿದ್ದೆ. ಒಗ್ಗರಣೆ ಡಬ್ಬಿ ಒಲೆಯ ಎಡಕ್ಕಿರಬೇಕೋ ಬಲಕ್ಕಿರಬೇಕೋ ಎಂಬ ವಿಷಯಕ್ಕೆ ನನಗೂ ನಮ್ಮ ಅತ್ತೆಗೂ ಒಮ್ಮೆ ಮಾತೇ ನಿಂತುಹೋಗಿತ್ತು. ಆಗೆಲ್ಲ ಆಫೀಸಿಗೆ ಹೋಗಿ ಕಂಪ್ಯೂಟರಿನ ಮುಂದೆ ಕುಳಿತು ‘ಅಬ್ಬಾ’ ಎಂದು ಉಸಿರು ಬಿಡುತ್ತಿದ್ದೆ. ಸಾಸಿವೆ ಎಲ್ಲಿದ್ದರೆ ಕಂಪ್ಯೂಟರಿಗೇನು? ಆದರೆ ಹೆಡರ್ ಫೈಲುಗಳಿಗೆ ನಿಯಮ ಮಾಡುವ ಕೆಲಸ ನನ್ನ ತಲೆಗೆ ಬಿದ್ದ ಮೇಲೆ ಗೊತ್ತಾಯಿತು, ಆಫೀಸಿನ ಗಂಡಸರಿಗೂ ಒಂದೊಂದು ಒಗ್ಗರಣೆ ಡಬ್ಬಿ ಇರುತ್ತದೆ. ಅದನ್ನು ಮುಟ್ಟಿದರೆ ಅವರೂ ಮಾತು ಬಿಡುತ್ತಾರೆ.

ಹೆಡರ್ ಫೈಲ್ ಎಂದರೇನು ಎಂದು ಕೇಳುವವರಿಗೆ ನಾನು ಹೇಳುವುದು ಇಷ್ಟೆ. ಪ್ರೋಗ್ರಾಮು ಒಂದು ಮನೆಯಾದರೆ ಹೆಡರ್ ಅದರ ಜಗುಲಿ. ಕೆಲಸವೆಲ್ಲ ಒಳಗೆ ನಡೆಯುತ್ತದೆ. ಈ ಮನೆಯಲ್ಲಿ ಏನು ಸಿಗುತ್ತದೆ, ಯಾವುದನ್ನು ಹೇಗೆ ಕೇಳಬೇಕು ಎಂಬುದನ್ನು ಹೊರಗಿನವರು ಜಗುಲಿಯಲ್ಲೇ ನೋಡಿ ತಿಳಿದುಕೊಳ್ಳಬೇಕು. ಹಾಗಾಗಿ ಜಗುಲಿಯನ್ನು ಗುಡಿಸಿ ಇಟ್ಟಿರಬೇಕು. ನಮ್ಮ ಆಫೀಸಿನ ಜಗುಲಿಗಳ ಮೇಲೆ ಮುರಿದ ಕುರ್ಚಿ, ಹಳೇ ಚಪ್ಪಲಿ, ಒಣಹಾಕಿದ ಹಪ್ಪಳ ಎಲ್ಲವೂ ಇದ್ದವು.

ಆಫೀಸು ಇರುವುದು ಚಿತ್ರದುರ್ಗದಲ್ಲಿ, ಒಂದು ಹಾರ್ಡ್‌ವೇರ್ ಅಂಗಡಿಯ ಮೇಲಿನ ಮಹಡಿಯಲ್ಲಿ. ಕೆಳಗೆ ನಲ್ಲಿ, ಪೈಪು, ಮೊಳೆ, ಮೇಲೆ ನಾವು. ಅರ್ಧ ಇಂಚಿನ ನಲ್ಲಿ ಬೇಕೆಂದು ಮೆಟ್ಟಿಲು ಹತ್ತಿ ಬಂದವರನ್ನು ವಾಪಸು ಕಳಿಸುವುದೂ ನಮ್ಮ ಕೆಲಸದ ಒಂದು ಭಾಗ. ಹೊಲದಲ್ಲಿರುವ ಬೋರ್‌ವೆಲ್ ಮೋಟರನ್ನು ಮನೆಯಿಂದಲೇ ಫೋನ್ ಮಾಡಿ ಚಾಲೂ ಮಾಡುವ ಒಂದು ಪೆಟ್ಟಿಗೆಯನ್ನು ನಾವು ತಯಾರಿಸುತ್ತೇವೆ. ಯಜಮಾನರು ಓಂಕಾರಪ್ಪನವರು. ಮೋಟರ್ ವೈಂಡಿಂಗ್ ಅಂಗಡಿಯಿಂದ ಮೇಲೆ ಬಂದವರು, ತಂತಿ ಸುತ್ತಿದಷ್ಟೇ ಸಲೀಸಾಗಿ ಮನುಷ್ಯರನ್ನೂ ಸುತ್ತಬಲ್ಲವರು. ಒಂದು ಸೋಮವಾರ ಬೆಳಿಗ್ಗೆ ನನ್ನನ್ನು ಕರೆದು, “ಏನಮ್ಮ ಶೈಲಾ, ಶುಕ್ರವಾರ ಪಂಪಿನ ಕಂಪನಿಯೋರು ಬರ್ತಾರೆ. ಪೆಟ್ಟಿಗೆ ಅಷ್ಟೇ ಅಲ್ಲ, ಒಳಗಿನ ಪ್ರೋಗ್ರಾಮೂ ನೋಡ್ತಾರಂತೆ. ಇಲ್ಲಿಗೆ ಒಬ್ರು ಲೀಡರ್ ಬೇಕು. ನೀನು ಅಷ್ಟರೊಳಗೆ ಎಲ್ಲಾ ಒಪ್ಪ ಮಾಡಿದ್ರೆ ನೀನೇ. ಇಲ್ಲಾಂದ್ರೆ ನಮ್ಮ ಬಾಮೈದ ದಾವಣಗೆರೇಲಿ ಖಾಲಿ ಕುಂತವ್ನೆ” ಎಂದರು.

ಆ ಬಾಮೈದನನ್ನು ನಾನು ಬಲ್ಲೆ. ಆಫೀಸಿನ ಪೂಜೆಗೆ ಬಂದಿದ್ದಾಗ ಕುಂಬಳಕಾಯಿ ಒಡೆಯುವ ಮುಂಚೆ ‘ಇದರ ಪ್ರೊಸೆಸ್ ಏನು’ ಎಂದು ಕೇಳಿದ್ದ ಮನುಷ್ಯ. ಇಷ್ಟು ವರ್ಷ ಇಲ್ಲಿ ಜೀವ ತೇದು ಕೊನೆಗೆ ಅವನ ಕೈಕೆಳಗೆ ಕುಳಿತು ರಜೆ ಚೀಟಿ ಬರೆಯುವುದೇ? ನನಗೆ ಸಿಟ್ಟು, ಅಳು ಎರಡೂ ಒಟ್ಟಿಗೇ ಬಂದವು. ಅಂದೇ ಮಧ್ಯಾಹ್ನ ಹೆಡರ್ ಫೈಲುಗಳಿಗೆ ನಿಯಮಗಳನ್ನು ಬರೆದು, ದೊಡ್ಡ ಅಕ್ಷರದಲ್ಲಿ ಮುದ್ರಿಸಿ, ಗೋಡೆಯ ಮೇಲೆ ಯಾರ ಕೈಗೂ ಎಟುಕದಷ್ಟು ಎತ್ತರದಲ್ಲಿ ಅಂಟಿಸಿದೆ.

ಮೊದಲನೆಯ ನಿಯಮ, ಒಂದು ಫೈಲಿನಲ್ಲಿ ಒಂದೇ ಬಗೆಯ ಸಾಮಾನು ಇರಬೇಕು. ಇದು ಯಾರನ್ನು ಕುರಿತದ್ದೆಂದು ಓದಿದ ಕೂಡಲೇ ತಿಪ್ಪೇಸ್ವಾಮಿಗೆ ಗೊತ್ತಾಯಿತು. ತುರುವನೂರಿನಿಂದ ದಿನಾ ಓಡಾಡುವ ತಿಪ್ಪೇಸ್ವಾಮಿ ನನಗಿಂತ ಚಿಕ್ಕವನಾದರೂ ಆಫೀಸಿಗೆ ನನಗಿಂತ ಮೊದಲು ಬಂದವನು. ಅವನದು ಒಂದೇ ಒಂದು ಹೆಡರ್ ಫೈಲ್, ಅದಕ್ಕೆ ಅವನದೇ ಹೆಸರು. ಮೋಟರಿನದು, ಫೋನಿನದು, ಗಡಿಯಾರದ್ದು ಎಲ್ಲವೂ ಅದರಲ್ಲೇ. ಭೀಮಸಮುದ್ರದ ಒಬ್ಬ ಅಡಿಕೆ ತೋಟದವರ ಮೊಬೈಲ್ ನಂಬರು ಕೂಡ ಅದರಲ್ಲಿತ್ತು. ಯಾವುದೋ ಕಾಲದಲ್ಲಿ ಅವರ ಮೋಟರು ತೊಂದರೆ ಕೊಟ್ಟಾಗ ಪರೀಕ್ಷೆಗೆಂದು ಹಾಕಿದ್ದು, ತೆಗೆಯಲು ಮರೆತಿದ್ದು. ಊರಿನಲ್ಲಿ ಯಾರ ಮೋಟರು ಕೆಟ್ಟರೂ ಆ ಪುಣ್ಯಾತ್ಮರಿಗೊಂದು ಮೆಸೇಜು ಹೋಗುತ್ತಿತ್ತು. ಅವರು ಪಾಪ, ಪ್ರತಿ ಸಲ ಫೋನ್ ಮಾಡಿ ‘ನಂದು ಚೆನ್ನಾಗೈತೆ ಕಣಪ್ಪ’ ಎಂದು ತಿಳಿಸುತ್ತಿದ್ದರು.

“ಅಕ್ಕ, ಎಲ್ಲಾ ಒಂದೇ ಕಡೆ ಐತೆ. ಹುಡುಕೋ ಕೆಲ್ಸನೇ ಇಲ್ಲ. ಅದನ್ನ ಯಾಕೆ ಹರಿದು ಹಂಚ್ತೀರಿ?” ಎಂದ ತಿಪ್ಪೇಸ್ವಾಮಿ.

“ಹುಡುಕೋಕೆ ನಿನಗೆ ಬರ್ತದೆ, ಬೇರೆಯೋರಿಗೆ?”

“ಬೇರೆಯೋರು ನನ್ನ ಕೇಳ್ಲಿ. ನಾನೇನು ಊರು ಬಿಟ್ಟು ಹೋಗಿದೀನಾ?”

ಎರಡನೆಯ ನಿಯಮ ಇನ್ನೂ ದೊಡ್ಡ ರಾದ್ಧಾಂತ ಮಾಡಿತು. ಒಂದು ಫೈಲಿಗೆ ಬೇರೆ ಹೆಡರುಗಳನ್ನು ಕರೆಸಿಕೊಳ್ಳುವಾಗ ಅವುಗಳ ಹೆಸರನ್ನು ಅಕಾರಾದಿಯಾಗಿ ಬರೆಯಬೇಕು ಎಂದಿದ್ದೆ. ಮದುವೆ ಕಾರ್ಡು ಅಚ್ಚು ಹಾಕಿಸಿದವರಿಗೆ ಇದರ ಅಪಾಯ ಗೊತ್ತಿರುತ್ತದೆ. ಯಾವ ದೊಡ್ಡಪ್ಪನ ಹೆಸರು ಮೇಲೆ, ಯಾವ ಚಿಕ್ಕಪ್ಪನದು ಕೆಳಗೆ ಎಂಬುದರಿಂದ ಮದುವೆಗಳು ನಿಂತದ್ದುಂಟು. ನನ್ನ ತಂಗಿಯ ಮದುವೆಯಲ್ಲಿ ಹೊಳಲ್ಕೆರೆಯ ಸೋದರಮಾವ ತಮ್ಮ ಹೆಸರು ಹಿಂದಾಯಿತೆಂದು ಧಾರೆಯ ಹೊತ್ತಿನಲ್ಲಿ ಛತ್ರದ ಹೊರಗೆ ಬೇವಿನ ಮರದ ಕೆಳಗೆ ಕುಳಿತುಬಿಟ್ಟಿದ್ದರು. ಹೋಳಿಗೆಯನ್ನು ಅಲ್ಲಿಗೇ ಕಳಿಸಬೇಕಾಯಿತು. ನಮ್ಮಲ್ಲೂ ಹಾಗೇ ಆಯಿತು. ಅಕಾರಾದಿಯಲ್ಲಿ ಮೊನ್ನೆ ಮೊನ್ನೆ ಸೇರಿದ ಚಿತ್ತಯ್ಯನ ಫೈಲುಗಳು ಮೇಲೆ ಬಂದವು, ತಿಪ್ಪೇಸ್ವಾಮಿಯದು ಕೆಳಗೆ ಹೋಯಿತು. ಅವನು ಆ ಸಂಜೆ ನಾನು ತರಿಸಿದ ಮಂಡಕ್ಕಿ, ಮೆಣಸಿನಕಾಯಿ ಬೋಂಡಾ ಮುಟ್ಟಲಿಲ್ಲ. ಓಂಕಾರಪ್ಪನವರು ಬಾಗಿಲಲ್ಲಿ ನಿಂತು, “ಹಿರೇರ ಫೈಲ್ ಮೇಲೆ ಇದ್ರೆ ಏನಮ್ಮ ನಷ್ಟ?” ಎಂದು ಒಂದು ಮಾತು ಹಾಕಿ ಹೋದರು.

ಚಿತ್ತಯ್ಯನ ವಿಷಯ ಬೇರೆ. ಯಲ್ಲದಕೆರೆ ಕಡೆಯವನು, ಮನೆಯಲ್ಲಿ ಕುರಿ ಮಂದೆ ಇದೆ. ಹೇಳಿದ ಕೆಲಸವನ್ನು ಹೇಳಿದ ಹಾಗೆ ಮಾಡುತ್ತಾನೆ. ನಿಯಮ ಓದಿದವನೇ ತನ್ನ ಸಾಮಾನನ್ನೆಲ್ಲ ಸಣ್ಣ ಸಣ್ಣ ಹೆಡರುಗಳಾಗಿ ಬೇರ್ಪಡಿಸಿದ. ಮೋಟರಿಗೊಂದು, ವೋಲ್ಟೇಜಿಗೊಂದು, ಮೆಸೇಜಿಗೊಂದು, ಎಲ್ಲದರ ಮುಂದೂ ತನ್ನ ಹೆಸರು. ನೋಡಿ ನನ್ನ ಕಣ್ಣು ತಂಪಾಯಿತು.

ಇನ್ನು ಮೂರನೆಯ ನಿಯಮ. ಒಂದೇ ಹೆಡರನ್ನು ಹಲವರು ಕರೆಸಿಕೊಳ್ಳುವುದರಿಂದ ಅದು ಎರಡೆರಡು ಸಲ ಒಳಗೆ ನುಗ್ಗಿ ಗೊಂದಲ ಮಾಡಬಹುದು. ಅದಕ್ಕಾಗಿ ಫೈಲಿನ ನೆತ್ತಿಯ ಮೇಲೆ ಒಂದು ಗುರುತು ಬರೆದಿಡುವುದು ಕ್ರಮ. ಆ ಗುರುತನ್ನು ಈಗಾಗಲೇ ನೋಡಿದ್ದರೆ ಕಂಪ್ಯೂಟರು ‘ನೀನು ಆಗಲೇ ಬಂದಾಗಿದೆ, ನಡಿ’ ಎಂದು ಬಾಗಿಲಲ್ಲೇ ವಾಪಸು ಕಳಿಸುತ್ತದೆ. ಇದನ್ನು ಕಾಗದದಲ್ಲಿ ಬರೆದು ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಆದರೆ ಲೀಡರ್ ಆಗುವವಳು ನಾಲ್ಕು ಮಾತಾಡಬೇಕಲ್ಲ. ಮಂಗಳವಾರ ಎಲ್ಲರನ್ನೂ ಕೂರಿಸಿಕೊಂಡು, ಚಿತ್ತಯ್ಯನ ಕಡೆ ತಿರುಗಿ ಕೇಳಿದೆ: “ಏನಪ್ಪ ಚಿತ್ತಯ್ಯ, ನಿಮ್ಮ ಕುರಿ ಬೇರೆಯೋರ ಮಂದೆ ಜೊತೆ ಸೇರ್ಕಂಡ್ರೆ ಹೆಂಗೆ ಗುರುತು ಹಿಡೀತೀರಿ?”

“ಬಣ್ಣ ಹಚ್ಚಿರ್ತೀವಲ್ಲಕ್ಕ. ನಮ್ದು ಸೊಂಟದ ಮೇಲೆ ಕೆಂಪು. ಒಬ್ಬೊಬ್ರ ಮನೇದು ಒಂದೊಂದು ಥರ.”

“ಹೆಡರ್ ಫೈಲೂ ಹಂಗೇ ಅಂದ್ಕಳ್ರಿ. ನಿಮ್ಮ ನಿಮ್ಮ ಫೈಲಿಗೆ ನಿಮ್ಮ ನಿಮ್ಮ ಗುರುತು ಹಾಕ್ರಿ, ಸಾಕು” ಎಂದೆ.

ಎಲ್ಲರೂ ತಲೆಯಾಡಿಸಿದರು. ತಿಪ್ಪೇಸ್ವಾಮಿ ಕೂಡ ತಲೆಯಾಡಿಸಿದ, ಬೋಂಡಾದ ವಿಷಯ ಮರೆತು. ನನ್ನ ವಿವರಣೆಗೆ ನಾನೇ ಮರುಳಾದೆ. ಮನೆಗೆ ಹೋಗಿ ಅತ್ತೆಗೂ ಹೇಳಿದೆ. ಅವರು “ಕುರಿಗೂ ಕಂಪ್ಯೂಟರಿಗೂ ಏನೇ ಸಂಬಂಧ?” ಎಂದರು. ಹಳೇ ಕಾಲದವರು ಎಂದು ಬಿಟ್ಟೆ.

ಗುರುವಾರ ಮಧ್ಯಾಹ್ನ ಎಲ್ಲರ ಫೈಲುಗಳನ್ನೂ ಒಟ್ಟುಗೂಡಿಸಿ ಪ್ರೋಗ್ರಾಮು ಕಟ್ಟಿಸಲು ಹೊರಟೆ. ಪರದೆಯ ತುಂಬ ತಪ್ಪು ತೋರಿಸುವ ಕೆಂಪು ಸಾಲುಗಳು ಸುರಿದವು. ವೋಲ್ಟೇಜ್ ನೋಡುವುದು ಎಲ್ಲಿದೆ, ಗೊತ್ತಿಲ್ಲ. ಮೆಸೇಜು ಕಳಿಸುವುದು, ಕೇಳಿಯೇ ಇಲ್ಲ. ಚಿತ್ತಯ್ಯನ ಮೊದಲ ಹೆಡರ್ ಒಂದು ಬಿಟ್ಟು ಉಳಿದ ಯಾವುದೂ ಇಲ್ಲವೇ ಇಲ್ಲ ಎಂದು ಕಂಪ್ಯೂಟರು ಹಟ ಹಿಡಿಯಿತು. ವಿಚಿತ್ರವೆಂದರೆ, ಮೊದಲನೆಯ ನಿಯಮವನ್ನೇ ಪಾಲಿಸದ ತಿಪ್ಪೇಸ್ವಾಮಿಯ ಫೈಲಿಗೆ ಏನೂ ಆಗಿರಲಿಲ್ಲ. ದಾವಣಗೆರೆ ಬಸ್ಸಿನಿಂದ ಟೈ ಕಟ್ಟಿಕೊಂಡು ಇಳಿಯುವ ಬಾಮೈದ ಕಣ್ಣ ಮುಂದೆ ಬಂದ.

ಚಿತ್ತಯ್ಯನ ಫೈಲುಗಳನ್ನು ತೆರೆದು ನೋಡಿದೆ. ಪ್ರತಿಯೊಂದರ ನೆತ್ತಿಯ ಮೇಲೂ ಅದೇ ಗುರುತು: ಚಿತ್ತಯ್ಯ, ಚಿತ್ತಯ್ಯ, ಚಿತ್ತಯ್ಯ. ಮೊದಲನೆಯದು ಒಳಗೆ ಹೋಗಿದೆ. ಉಳಿದವನ್ನೆಲ್ಲ ‘ನೀನು ಆಗಲೇ ಬಂದಾಗಿದೆ’ ಎಂದು ಬಾಗಿಲಲ್ಲೇ ತಡೆಯಲಾಗಿದೆ. ತಿಪ್ಪೇಸ್ವಾಮಿಗೆ ಇದ್ದದ್ದು ಒಂದೇ ಫೈಲು, ಆದ್ದರಿಂದ ಒಂದೇ ಗುರುತು ಸಾಕಾಗಿತ್ತು.

“ಏನೋ ಇದು? ಒಂದೊಂದಕ್ಕೂ ಬೇರೆ ಬೇರೆ ಗುರುತು ಹಾಕ್ಬೇಕು ತಾನೆ?” ಎಂದು ಕೂಗಿದೆ.

ಚಿತ್ತಯ್ಯ ಕಕ್ಕಾಬಿಕ್ಕಿಯಾದ. “ಒಂದೊಂದು ಕುರಿಗೆ ಒಂದೊಂದು ಬಣ್ಣ ಯಾರು ಹಚ್ತಾರಕ್ಕ? ಒಂದು ಮನೆ ಕುರಿಗೆಲ್ಲ ಒಂದೇ ಗುರುತು. ನೀವು ಹಂಗೇ ಅಂದ್ರಲ್ಲ.”

ಅಷ್ಟರಲ್ಲಿ ಕೂಗು ಕೇಳಿ ಓಂಕಾರಪ್ಪನವರು ಬಂದರು. ಕೈಯಲ್ಲಿ ಫೋನು ಇತ್ತು. “ಏನು ಗಲಾಟೆ? ಯಾರ್ದು ತಪ್ಪು?” ಎಂದರು. ಚಿತ್ತಯ್ಯನ ಮುಖ ಬಿಳಿಚಿಕೊಂಡಿತ್ತು. ಕೆಲಸಕ್ಕೆ ಸೇರಿ ಇನ್ನೂ ಕಾಯಂ ಆಗಿರಲಿಲ್ಲ ಅವನು. ‘ಇವನದೇ’ ಎಂಬ ಮಾತು ನನ್ನ ನಾಲಿಗೆಯ ತುದಿಯಲ್ಲಿತ್ತು, ಸುಳ್ಳು ಹೇಳುವುದಿಲ್ಲ. ಲೀಡರ್ ಕುರ್ಚಿ ಅಷ್ಟು ಹತ್ತಿರ ಕಾಣುತ್ತಿತ್ತು. ಆದರೆ ಇಡೀ ಆಫೀಸಿನಲ್ಲಿ ನನ್ನ ಮಾತು ಕೇಳಿದವನು ಅವನೊಬ್ಬನೇ.

“ನಿಯಮದ್ದು ಸಾರ್” ಎಂದೆ.

“ನಿಯಮ ಯಾರ್ದು?”

“ನಂದೇ.”

ಓಂಕಾರಪ್ಪನವರು ಫೋನನ್ನು ಒಮ್ಮೆ ನೋಡಿ ಜೇಬಿಗೆ ಹಾಕಿಕೊಂಡರು. “ಸರಿ ಮಾಡೋಕೆ ಎಷ್ಟೊತ್ತು ಬೇಕು?”

“ಸಂಜೆಯೊಳಗೆ ಆಗ್ತದೆ ಸಾರ್.”

“ಹಂಗಾದ್ರೆ ಮಾಡ್ರಿ. ತಪ್ಪು ಯಾರ್ದು ಅಂತ ಕೇಳಿದ್ರೆ ನಮ್ಮ ಬಾಮೈದ ಅದಕ್ಕೇ ಒಂದು ಮೀಟಿಂಗ್ ಕರೀತಿದ್ದ. ನೀನೇ ಲೀಡರ್ ಆಗಿರಮ್ಮ” ಎಂದು ಹೋದರು. ಬಾಮೈದ ಬಂದರೆ ಉಳಿಯುವುದು ಅವರ ಮನೆಯಲ್ಲೇ ಎಂಬುದು ನನಗೆ ಆಮೇಲೆ ಹೊಳೆಯಿತು. ಏನಾದರಾಗಲಿ, ಗುರುತುಗಳನ್ನು ಬದಲಾಯಿಸಿದೆವು, ಎಲ್ಲವೂ ಒಳಗೆ ಬಂದವು, ಪರೀಕ್ಷೆಗೆಂದು ಮಹಡಿಯ ಮೇಲೆ ಇಟ್ಟಿದ್ದ ಪಂಪು ಫೋನ್ ಮಾಡಿದೊಡನೆ ಸರಿಯಾಗಿ ತಿರುಗಿತು. ಚಿತ್ತಯ್ಯ ಎರಡು ಸಲ ಟೀ ತಂದುಕೊಟ್ಟ.

ಶುಕ್ರವಾರ ಪಂಪಿನ ಕಂಪನಿಯ ದೊಡ್ಡವರು ಬಂದರು. ತಲೆ ನರೆತ, ಮಿತಭಾಷಿ ಮನುಷ್ಯ. ಮೋಟರು ಓಡಿಸಿ ನೋಡಿದರು, ಮೆಚ್ಚಿದರು. ಆಮೇಲೆ ಪ್ರೋಗ್ರಾಮು ತೋರಿಸಿ ಎಂದು ನನ್ನ ಕುರ್ಚಿಯಲ್ಲೇ ಕುಳಿತರು. ಚಿತ್ತಯ್ಯನ ಅಂದವಾದ ಹೆಡರುಗಳ ಮೇಲೆ ಅವರ ಕಣ್ಣು ಸರ್ರನೆ ಜಾರಿ ಹೋಯಿತು. ಕೊನೆಯಲ್ಲಿದ್ದ ತಿಪ್ಪೇಸ್ವಾಮಿಯ ಫೈಲನ್ನು ತೆರೆದರು. ಅವರು ನಿಧಾನವಾಗಿ ಮೇಲಿನಿಂದ ಕೆಳಗೆ ಓದಿ, ಕನ್ನಡಕ ತೆಗೆದು, ಬಹಳ ಅನುಕೂಲವಾಗಿದೆ, ಬೇಕಾದ್ದೆಲ್ಲ ಒಂದೇ ಜಾಗದಲ್ಲಿ ಸಿಗುತ್ತದೆ, ಉಳಿದದ್ದನ್ನೂ ಹೀಗೇ ಮಾಡಿಬಿಡಿ ಎಂದರು. ಇಲ್ಲಿ ನಿಯಮ ಮಾಡುವವರು ಯಾರು ಎಂದೂ ಕೇಳಿದರು.

ಓಂಕಾರಪ್ಪನವರು ಹೆಮ್ಮೆಯಿಂದ ನನ್ನ ಕಡೆ ಕೈ ತೋರಿಸಿದರು. ತಿಪ್ಪೇಸ್ವಾಮಿ ನನ್ನನ್ನೇ ನೋಡುತ್ತಿದ್ದ. ಗೋಡೆಯ ಮೇಲೆ ಮೊದಲನೆಯ ನಿಯಮ ದಪ್ಪ ಅಕ್ಷರದಲ್ಲಿತ್ತು. ಪುಣ್ಯಕ್ಕೆ ಬಂದವರಿಗೆ ಕನ್ನಡಕವಿಲ್ಲದೆ ದೂರದ್ದು ಕಾಣುವಂತಿರಲಿಲ್ಲ. “ಹೌದು ಸಾರ್, ನಮ್ಮಲ್ಲಿ ಪದ್ಧತಿಯೇ ಹಾಗೆ” ಎಂದು ನಾನು ವಿನಯದಿಂದ ತಲೆ ಬಗ್ಗಿಸಿದೆ.

ಅವರನ್ನು ಕಾರು ಹತ್ತಿಸಿ ಮೇಲೆ ಬಂದೆ. ಗೋಡೆಯ ಕಾಗದವನ್ನು ಕೀಳಲು ಹೋದರೆ ಕೈಗೆ ಎಟುಕಲಿಲ್ಲ. ತಿಪ್ಪೇಸ್ವಾಮಿ ತನ್ನ ಕುರ್ಚಿ ತಂದು ಇಟ್ಟು, ಅದು ಅಲುಗಾಡದಂತೆ ಹಿಡಿದುಕೊಂಡ. ನಾನು ಹತ್ತಿ ನಿಂತ ಮೇಲೆ ಮೆಲ್ಲಗೆ ಹೇಳಿದ:

“ನಿಧಾನಕ್ಕೆ ಕೀಳ್ರಿ ಅಕ್ಕ. ಈಗ ನೀವು ಲೀಡರು.”