ನಮ್ಮ ಎಪ್ಪತ್ತು, ನಿಮ್ಮ ಎಪ್ಪತ್ತು

ಮಾತಾಡಲು ನಾಚುವವರಿಗೇ ಊರೆಲ್ಲ ಕೇಳುವಂತೆ ಮಾತಾಡುವ ಕೆಲಸ ಸಿಗುತ್ತದೆ. ನನಗೆ ಸಿಕ್ಕಿದ್ದು ಅದೇ. ಹುಣಸೂರಿನಿಂದ, ಬೋರ್‌ವೆಲ್‌ಗೆ ಜಾಗ ಗುರುತಿಸುವ ಸಾಹೇಬರ ಜೊತೆ ಜೀಪಿನಲ್ಲಿ ಹೋಗಿ, ನೆಲಕ್ಕೆ ಕಂಬಿ ನೆಟ್ಟು, ಬ್ಯಾಟರಿಯ ಕರೆಂಟ್ ಹರಿಸಿ, ಅಳತೆ ಕೂಗಿ ಹೇಳಿ, ಒಳಗೆ ಬಂಡೆಯೋ ನೀರೋ ಎಂದು ಗ್ರಾಫ್ ಬರೆಯುವುದು. ಹಾರನಹಳ್ಳಿ ಆಚೆಯ ಒಂದೇ ಊರಲ್ಲಿ, ಒಂದೇ ದಿನ, ನನ್ನ ಮಾನ ಮೂರು ಸಲ ಹೋಯಿತು.

೧. ಓಂ

ನೆಲ ಕರೆಂಟನ್ನು ಎಷ್ಟು ತಡೆಯುತ್ತದೆ ಎಂಬುದಕ್ಕೆ ಓಮ್ ಎಂಬ ಅಳತೆ. ಮೀಟರ್ ನೋಡಿ ಮೆಲ್ಲಗೆ, "ಟ್ವೆಂಟಿ ಓಮ್" ಅಂದೆ. ಪಕ್ಕದಲ್ಲಿ ಕೂತಿದ್ದ ಅಜ್ಜಿ ತಲೆಮೇಲೆ ಸೆರಗು ಹೊದ್ದು ಕೈಮುಗಿಯಿತು.

"ಜೋರಾಗಿ ಹೇಳಮ್ಮ, ಕೇಳಿಸ್ತಿಲ್ಲ" ಎಂದು ಸಾಹೇಬರು ಗದರಿದರು.

ಅಜ್ಜಿಗೆ ಸಿಟ್ಟು ಬಂತು. "ಸುಮ್ಕಿರಿ ಬುದ್ದಿ, ದೇವ್ರ ಮಂತ್ರನ ಯಾರಾದ್ರೂ ಕಿರುಚ್ಕಂಡು ಏಳ್ತಾರಾ?"

೨. ಸಾರಿ

ಒಣ ನೆಲದಲ್ಲಿ ಕಂಬಿಯಿಂದ ಕರೆಂಟ್ ಕೆಳಗಿಳಿಯುವುದಿಲ್ಲ. ಬುಡಕ್ಕೆ ಉಪ್ಪುನೀರು ಹಾಕಬೇಕು. ಅಜ್ಜಿಯೇ ಮೈಲಿ ದೂರದಿಂದ ಹೊತ್ತು ತಂದಿದ್ದ ಬಿಂದಿಗೆ ಕೊಟ್ಟಿತು. ನಾನು ಉಪ್ಪು ಕದಡಿ ಪೂರಾ ಸುರಿದೆ.

"ನೀರು ಕೊಡ್ತೀವಿ ಅಂತ ಬಂದೋರು ಇರೋ ನೀರ್ಗೂ ಉಪ್ಪಾಕುದ್ರಲ್ಲವ್ವ!"

ಮುಖ ಎತ್ತಲಾರದೆ "ಸಾರಿ" ಅಂದೆ.

ಅಜ್ಜಿ ಖಾಲಿ ಬಿಂದಿಗೆ ನೋಡಿತು. "ಇನ್ನೂ ಎಷ್ಟ್ ಸಾರಿ?"

೩. ಎಪ್ಪತ್ತು

ಮೀಟರಿನ ಎರಡೂ ಕಡೆ ಊರಿನ ಇಬ್ಬರು ಕಂಬಿ ಹಿಡಿದಿದ್ದರು. ನಾನು ಕನ್ನಡದಲ್ಲಿ ಕೂಗಿದಷ್ಟು ಅಡಿ ದೂರ ಅವರು ಸರಿಯಬೇಕು. ಅರವತ್ತರವರೆಗೆ ಗ್ರಾಫ್ ಚೆನ್ನಾಗಿ ಇಳಿಯಿತು; ಇಳಿದರೆ ಒಳಗೆ ನೀರಿನ ಸುಳಿವು. ಆಮೇಲೆ ಧೊಪ್ಪನೆ ಬಿತ್ತು, ಮತ್ತೆ ಮೇಲೆದ್ದಿತು.

"ಭೂಮಿ ಹೀಗೆ ಹಲ್ಲು ಕಿರಿಯೋದಿಲ್ಲ" ಅಂದರು ಸಾಹೇಬರು. ಬ್ಯಾಟರಿ ಬದಲಾಯಿತು. ವೈರನ್ನು ಗೇಣುಗೇಣಾಗಿ ತಡವಿದ್ದಾಯಿತು. ಅಜ್ಜಿಯ ಇನ್ನೊಂದು ಬಿಂದಿಗೆಯೂ ಹೋಯಿತು. ಮತ್ತೆ ಅದೇ ಹಲ್ಲು. ಸಾಹೇಬರು ಪೆಟ್ಟಿಗೆ ಮುಚ್ಚಿದರು. "ಬೋರ್ ಮಿಷನ್ನು ಪಕ್ಕದೂರಿಗೆ ಹೋಗ್ಲಿ. ಇಲ್ಲಿ ನಂಬೋ ಹಾಗಿಲ್ಲ."

ಅಜ್ಜಿ ಖಾಲಿ ಬಿಂದಿಗೆ ಎತ್ತಿಕೊಂಡಿತು. ಆಗ ಕಂಬಿ ಹಿಡಿದವರಲ್ಲೊಬ್ಬರು ನನಗೊಬ್ಬಳಿಗೇ ಕೇಳುವಂತೆ ಅಂದರು: "ಅಲ್ಲ ಕಣವ್ವ, ಎಂಬತ್ತುಕ್ ಓಗಿ ಆಮೇಲೆ ಎಪ್ಪತ್ತುಕ್ ವಾಪಸ್ ಬರೋದ್ಯಾಕೆ? ಎರಡ್ ಸಾರಿನೂ ಅಂಗೇ ಕೂಗುದ್ರಿ. ಏನೋ ಶಾಸ್ತ್ರ ಅಂದ್ಕಂಡೊ."

ಎರಡನ್ನೂ ನಾನೇ ಅದಲುಬದಲು ಕೂಗಿದ್ದೆ. ಕಾನ್ವೆಂಟಿನಲ್ಲಿ ಓದಿದವಳಿಗೆ ಸೆವೆಂಟಿ ಗೊತ್ತು, ಏಯ್ಟಿ ಗೊತ್ತು; ಎಪ್ಪತ್ತು ಯಾವುದು, ಎಂಬತ್ತು ಯಾವುದು? ಸುಮ್ಮನಿದ್ದರೆ ತಪ್ಪು ಭೂಮಿಯದಾಗಿಯೇ ಉಳಿಯುತ್ತಿತ್ತು. ಆದರೆ ಆ ಬಿಂದಿಗೆ ಕಣ್ಣಮುಂದೆಯೇ ಇತ್ತು.

"ಸಾರ್, ಹಲ್ಲು ಭೂಮಿದಲ್ಲ. ನಂದು."

ಸಾಹೇಬರು ಮುಚ್ಚಿದ ಪೆಟ್ಟಿಗೆಯನ್ನು ಮತ್ತೆ ತೆರೆದರು. ಮೂರನೇ ಸಲ ನಾನು ಹತ್ತಕ್ಕೊಂದು ಬೆರಳಿನಂತೆ ತೋರಿಸಿದೆ, ಅಜ್ಜಿ ಕೂಗಿತು. ಗ್ರಾಫ್ ಜಾರುಬಂಡೆಯ ಹಾಗೆ ನುಣ್ಣಗೆ ಇಳಿಯಿತು.

ಮುಂದಿನ ವಾರ ಮಿಷನ್ ಬಂತು. ಕೆಂಪು ಕೆಸರು ಚಿಮ್ಮಿ, ಹಿಂದೆಯೇ ನೀರು ಬಂದಾಗ ನಾಚಿಕೆ ಮರೆತು ಜನ್ಮದಲ್ಲಿ ಮೊದಲ ಸಲ ಯಾರೂ ಹೇಳದೆಯೇ ಕೂಗಿದೆ: "ಎಪ್ಪತ್ತಡಿಗೇ ನೀರು!"

ಒಬ್ಬರೂ ಕುಣಿಯಲಿಲ್ಲ. ಎಲ್ಲರೂ ಅಜ್ಜಿಯ ಮುಖ ನೋಡಿದರು. ಅಜ್ಜಿ ಬಿಂದಿಗೆ ಕೆಳಗಿಟ್ಟು ಕೇಳಿತು:

"ನಮ್ ಎಪ್ಪತ್ತೋ, ನಿಮ್ ಎಪ್ಪತ್ತೋ, ಮೊದ್ಲು ಏಳವ್ವ!"